ಗಂಡಸೂಲಗಿತ್ತಿಯ ಉಡಿ

ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹೊಳೆಯ ಕಡೆಯ ಕಬ್ಬಿನ ಹೊಲಗಳೆಲ್ಲ ಅದರಲ್ಲಿ ಮುಳುಗಿ, ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರುಗಳ ಹಾಡು ಮಾತ್ರ ರಸ್ತೆಯ ಮೇಲೆ ಹಾದುಹೋಗುತ್ತಿತ್ತು. ಟ್ರ್ಯಾಕ್ಟರು ಕಾಣುತ್ತಿರಲಿಲ್ಲ. ಒಂದು ಹಾಡು ಬರುವುದು, ಮನೆಯ ಮುಂದೆ ಗುಂಡಿಯಲ್ಲಿ ಕುಲುಕಾಡಿ ತುಸು ನಿಲ್ಲುವುದು, ಮತ್ತೆ ಅಂಕಲಿಯ ಕಡೆ ಹೋಗುವುದು. ಚನ್ನವ್ವ ತಲಬಾಗಿಲಲ್ಲಿ ನಿಂತು ಸೂರ್ಯನಿಗೆ ಕೈಮುಗಿಯಲು ನೋಡಿದಳು. ಅವನು ಎಲ್ಲಿದ್ದಾನೆಂದು ತಿಳಿಯಲಿಲ್ಲವಾಗಿ ನಾಲ್ಕೂ ದಿಕ್ಕಿಗೆ ಮುಗಿದಳು. ಇವತ್ತು ಯಾವ ದೇವರನ್ನೂ ಬಿಡುವ ಹಾಗಿರಲಿಲ್ಲ.

ಮೊಮ್ಮಗ ಹುಟ್ಟಿ ಇವತ್ತಿಗೆ ಐದನೆಯ ದಿನ. ಐದನೆಯ ರಾತ್ರಿ ಸಟವಾಯಿ ಬರುತ್ತಾಳೆ. ಮನೆಮಂದಿಯೆಲ್ಲ ಮಲಗಿದ ಮೇಲೆ ಹೆಜ್ಜೆ ಸಪ್ಪಳವಾಗದಂತೆ ಒಳಗೆ ಬಂದು, ಕೂಸಿನ ಹಣೆಯ ಮೇಲೆ ಅದರ ಆಯುಷ್ಯ, ಅನ್ನ, ನಗು, ಅಳು ಎಲ್ಲವನ್ನೂ ಬರೆದು ಹೋಗುತ್ತಾಳೆ. ಆ ತಾಯಿಗಾಗಿ ಬಾಣಂತಿಯ ತಲೆದೆಸೆಗೆ ಒಂದು ಬಿಳಿ ಹಾಳೆ, ಒಂದು ಪೆನ್ನು ಇಡುತ್ತಾರೆ. ಅದೇನು ಕಷ್ಟದ್ದಲ್ಲ. ಆದರೆ ದೇವಿಯದು ಒಂದೇ ಒಂದು ಕರಾರು. ಹೊಕ್ಕಳಬಳ್ಳಿ ಕೊಯ್ದ ಕೈಯ ಋಣ ಆ ಮನೆಯಲ್ಲಿ ಉಳಿದಿರಬಾರದು. ದೀಪ ಹಚ್ಚುವ ಹೊತ್ತಿಗೆ ಸೂಲಗಿತ್ತಿಯ ಉಡಿ ತುಂಬಿರಬೇಕು. ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಕುಪ್ಪಸದ ಖಣ ಬಿದ್ದಿರಬೇಕು. ಸೂಲಗಿತ್ತಿಗೆ ಗಂಡ ಇರಲಿ, ಇಲ್ಲದಿರಲಿ, ಯಾವ ಕುಲದವಳೇ ಇರಲಿ, ದೇವಿ ಕೇಳುವುದಿಲ್ಲ. ಉಡಿ ತುಂಬದ ಮನೆಯ ಹೊಸ್ತಿಲನ್ನು ಮಾತ್ರ ಆಕೆ ದಾಟುವುದಿಲ್ಲ.

ಚನ್ನವ್ವನ ಮನೆಯ ಸೂಲಗಿತ್ತಿ ಗಂಡಸಾಗಿದ್ದ.

ಅವನ ಹೆಸರು ಸಮಾಧಾನ. ಊರ ಸರಕಾರಿ ದವಾಖಾನೆಯ ನರ್ಸು. ಬೆಳಗಾವಿಯಲ್ಲಿ ನರ್ಸಿಂಗ್ ಓದಿ, ಅದರ ಮೇಲೆ ಹೆರಿಗೆ ಮಾಡಿಸುವುದನ್ನೇ ಬೇರೆಯಾಗಿ ಕಲಿತು ಬಂದವನು. ಊರವರು ಅವನ ಎದುರಿಗೆ ಬ್ರದರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಗಂಡಸೂಲಗಿತ್ತಿ. ಅದು ಕಿವಿಗೆ ಬಿದ್ದಾಗ ಅವನು, ‘ಹೆಸರ ಉದ್ದಾತು, ಪಗಾರ ಅಷ್ಟಽ ಉಳೀತು’ ಎಂದು ನಕ್ಕಿದ್ದ.

ಸೊಸೆ ಮನೀಷಾಳಿಗೆ ಹೆರಿಗೆಯ ಬ್ಯಾನಿ ಎದ್ದು ದವಾಖಾನೆಗೆ ಕರೆದೊಯ್ದ ಸಂಜೆ ಡಾಕ್ಟರಬಾಯಿ ಚಿಕ್ಕೋಡಿಗೆ ಹೋಗಿದ್ದರು, ಸಿಸ್ಟರ್ ರಜೆಯ ಮೇಲಿದ್ದರು, ಕರೆಂಟೂ ಹೋಗಿತ್ತು. ಹೆರಿಗೆ ಮಾಡಿಸಬಲ್ಲವನು ಇದ್ದದ್ದು ಸಮಾಧಾನ ಒಬ್ಬ. ಹೆರಿಗೆ ಕೋಣೆಯಲ್ಲಿ ಗಂಡಸನ್ನು ನೋಡುವುದು ಹೇಗೆಂದು ಚನ್ನವ್ವ ಗೋಡೆಗೆ ಮುಖ ಮಾಡಿ, ಕಣ್ಣು ಬಿಗಿಮುಚ್ಚಿ, ಮಂಗಸೂಳಿ ಮಲ್ಲಯ್ಯನ ಹೆಸರು ಹಿಡಿದು ನಿಂತುಬಿಟ್ಟಳು. ಹಾಗಾಗಿ ಆಕೆ ನೋಡಿದ್ದು ಏನೂ ಇಲ್ಲ, ಕೇಳಿದ್ದು ಮಾತ್ರ. ‘ಉಸರ ಬಿಡಬೇ ನನ್ನವ್ವಾ. ಹಾಂ, ಶಾಣ್ಯಾಳ.’ ಆ ದನಿ ಎಷ್ಟು ಮೆತ್ತಗಿತ್ತೆಂದರೆ, ನೆಗಡಿಯಾದ ಯಾರೋ ಹೆಣ್ಣುಮಗಳು ಬಂದಿರಬೇಕೆಂದು ಚನ್ನವ್ವ ನಡುವೆ ತುಸು ಹೊತ್ತು ನಂಬಿಕೊಂಡಿದ್ದಳು.

ಈಗ ಕಟ್ಟೆಯ ಮೇಲೆ ಗಂಡ ಲಗಮಣ್ಣ ಚಹಾದ ಬಸಿ ಹಿಡಿದು ಕೂತಿದ್ದ. ಅವನಿಗೆ ಇದೆಲ್ಲ ಸರಳವಾಗಿ ಕಂಡಿತ್ತು.

‘ಒಂದ ಶರ್ಟ್ ಪೀಸು, ಒಂದ ಟಾವೆಲ್ ಕೊಟ್ಟ ಕಳಸು. ಗಂಡಸಗ ಗಂಡಸಿನ ಆಹೇರ.’

‘ಸಟವಾಯಿಗೆ ಶರ್ಟ್ ಪೀಸ್ ಗೊತ್ತಾಗ್ತೈತೇನ್ರಿ? ಆಕಿ ಉಡಿ ನೋಡಾಕಿ.’

‘ಹಂಗಾರ ಅಂವಗ ಉಡಿ ಎಲ್ಲಿಂದ ತರ್ತಿ?’

‘ಅದಽ ಕೇಳಾಕತ್ತೇನಿ ನಿಮ್ಮನ್ನ.’

ಒಳಗೆ ಬಾಣಂತಿಯ ಕೋಣೆಯಿಂದ ಮನೀಷಾ ಮಾತು ಕೊಟ್ಟಳು. ಅವಳು ಕಾಗವಾಡದ ಆಚೆ, ಮಿರಜದ ಕಡೆಯವಳು. ಈ ಊರಿನ ಒಳಮಾತುಗಳು ಅವಳಿಗೆ ಅಷ್ಟಾಗಿ ತಿಳಿದಿರಲಿಲ್ಲ.

‘ಅತ್ತಿ, ಬ್ರದರ್ ಮನ್ಯಾಗ ಯಾರರ ಹೆಣ್ಣಮಕ್ಕಳ ಇದ್ರ, ಅವರ ಉಡಿ ತುಂಬಿದ್ರ ನಡ್ಯಾಂಗಿಲ್ಲೇನ್ರಿ?’

ರಸ್ತೆಯ ಮೇಲೆ ಒಂದು ಹಾಡು ಬಂದು ನಿಂತು ಹೋಯಿತು. ಲಗಮಣ್ಣ ಬಸಿಯನ್ನು ತಿರುವಿ ನೋಡಿ, ‘ಈ ವರ್ಷ ಕಬ್ಬಿನ ರಿಕವರಿ ಭಾಳ ಕಡಿಮಿ ಬರಾಕತ್ತೈತಂತ’ ಎಂದ. ಚನ್ನವ್ವ, ‘ಹೌದಂತಲ್ರಿ’ ಎಂದಳು. ಕಬ್ಬಿನ ರಿಕವರಿಯ ಬಗ್ಗೆ ಆಕೆ ಜೀವನದಲ್ಲಿ ಒಂದು ಮಾತೂ ಆಡಿದವಳಲ್ಲ.

ಸಮಾಧಾನನ ಮನೆಯಲ್ಲಿ ಹೆಣ್ಣುಮಗಳು ಇದ್ದಳು. ಅವನ ತಂದೆತಾಯಿ ನಿಪ್ಪಾಣಿಯಲ್ಲಿ ನೌಕರಿ ಹಿಡಿದು ಅಲ್ಲೇ ಇದ್ದರು. ಇಲ್ಲಿ ಅವನು ಅಜ್ಜಿಯ ಜೊತೆ ಹಳ್ಳದಾಚೆಯ ಬೌದ್ಧರ ಓಣಿಯಲ್ಲಿದ್ದ. ಅಜ್ಜಿ ತುಳಸವ್ವ. ದವಾಖಾನೆ ಬರುವ ಮೊದಲು ಇಡೀ ಊರಿಗೆ ಅವಳೊಬ್ಬಳೇ ಸೂಲಗಿತ್ತಿ. ಊರಲ್ಲಿ ನರೆ ಮೂಡತೊಡಗಿದ ಪ್ರತಿ ತಲೆಯೂ ಅವಳ ಕೈಯಿಂದ ಜಾರಿ ಭೂಮಿಗೆ ಬಂದದ್ದೇ.

ಚನ್ನವ್ವನ ಮಗ ಸಂಜಯನೂ ಹಾಗೆಯೇ ಬಂದಿದ್ದ, ಇದೇ ಮನೆಯ ಹಿಂದಿನ ಕೋಣೆಯಲ್ಲಿ. ಎರಡು ಹಗಲು ಬ್ಯಾನಿ ತಿಂದ ಚನ್ನವ್ವನನ್ನು ತುಳಸವ್ವ ಮಡಿಲಲ್ಲಿ ಹಾಕಿಕೊಂಡು ಉಳಿಸಿದ್ದಳು. ಬಾಣಂತಿ ಮೈ ಮುಟ್ಟುವುದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಐದನೆಯ ದಿನ ಚನ್ನವ್ವನ ಅತ್ತೆ ಉಡಿಯ ಅಕ್ಕಿ, ಕೊಬ್ಬರಿ, ಖಣವನ್ನೆಲ್ಲ ಒಂದು ಮೊರದಲ್ಲಿ ಹಾಕಿ ಹಿತ್ತಲ ಗೋಡೆಯ ಮೇಲಿಟ್ಟು, ದೂರ ಸರಿದು ನಿಂತು, ‘ತೊಗೊಂಡ ಹೋಗ’ ಅಂದಳು. ಕೈಯಿಂದ ಸೆರಗಿಗೆ ಹಾಕುವುದು ಆಗುವಂಥದ್ದಲ್ಲ ಎಂದು ಆ ಮನೆಗೆ ಅನಿಸಿತ್ತು. ತುಳಸವ್ವ ಮೊರ ನೋಡಿದಳು. ‘ಅವ್ವಾರ, ಉಡಿ ಗ್ವಾಡಿಗೆ ತುಂಬೀರಿ. ಮುಂದಿನ ಹೆರಿಗಿನೂ ಗ್ವಾಡಿ ಕಡಿಂದನಽ ಮಾಡಸ್ರಿ’ ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಒಳಗೆ ಕೂಸನ್ನು ಹಿಡಿದು ಮಲಗಿದ್ದ ಚನ್ನವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಸೊಸೆಯಾದವಳು ಬಾಯಿ ತೆಗೆಯುವ ಕಾಲ ಅದಲ್ಲ. ಕೊಬ್ಬರಿಯನ್ನು ಕಾಗೆ ಒಯ್ದಿತು. ಖಣ ಗಾಳಿಗೆ ಹಾರಿ ಬೇವಿನ ಗಿಡಕ್ಕೆ ಸಿಕ್ಕಿ ಮಳೆ ಬರುವತನಕ ಅಲ್ಲೇ ಇತ್ತು.

ಆ ರಾತ್ರಿ ಸಟವಾಯಿ ಬರಲಿಲ್ಲ. ಇದು ಚನ್ನವ್ವನ ಅನುಮಾನವಲ್ಲ, ಅನುಭವ.

ಸಂಜಯನಿಗೆ ಕೆಟ್ಟದ್ದೇನೂ ಆಗಲಿಲ್ಲ. ಒಳ್ಳೆಯದೂ ಆಗಲಿಲ್ಲ. ಏನೂ ಆಗಲಿಲ್ಲ. ಸಾಲೆಯಲ್ಲಿ ಹಾಜರಿ ಕರೆಯುವಾಗ ಮಾಸ್ತರರು ಅವನ ಹೆಸರು ದಾಟಿ ಮುಂದೆ ಹೋಗುತ್ತಿದ್ದರು, ಅವನು ಎದುರಿಗೇ ಕೂತಿರುತ್ತಿದ್ದ. ದಡಾರ ಬಂದು ಓಣಿಯ ಹುಡುಗರೆಲ್ಲ ಮಲಗಿದಾಗ ಅವನೊಬ್ಬ ಅಂಗಳದಲ್ಲಿ ಆಡಿಕೊಂಡಿದ್ದ. ದಡಾರಕ್ಕೂ ಅವನು ಕಾಣಲಿಲ್ಲ. ಕೈ ಮಾಡಿದರೆ ಬಸ್ಸು ನಿಲ್ಲುತ್ತಿರಲಿಲ್ಲ. ಅಪರಾತ್ರಿಯಲ್ಲಿ ಓಣಿ ಹೊಕ್ಕರೂ ನಾಯಿ ಬೊಗಳುತ್ತಿರಲಿಲ್ಲ. ಕಟಿಂಗ್ ಅಂಗಡಿಯಲ್ಲಿ ಅವನು ಕುರ್ಚಿಯ ಮೇಲೆ ಕೂತಿದ್ದಾಗಲೇ ಅಂಗಡಿಯವನು ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿದ್ದುಂಟು. ಮದುವೆಯ ಫೋಟೋಗಳಲ್ಲಿ ಮನೀಷಾಳ ಮಗ್ಗುಲಲ್ಲಿ ಬಾಸಿಂಗವೊಂದು ಚಂದವಾಗಿ ಬಂದಿತ್ತು. ಮನೀಷಾಳಿಗೆ ಮಾತ್ರ ಅವನು ಚೆನ್ನಾಗಿ ಕಾಣುತ್ತಿದ್ದ. ಅದು ಮಲ್ಲಯ್ಯನ ದಯೆ. ಸಂಜಯನಿಗೆ ಈ ಬಗ್ಗೆ ದುಃಖವಿರಲಿಲ್ಲ, ದುಃಖವನ್ನೂ ಯಾರೂ ಬರೆದಿರಲಿಲ್ಲವಲ್ಲ. ಆದರೆ ಬರಿ ಹಣೆಯ ಮಗನನ್ನು ಮೂವತ್ತು ವರ್ಷ ನೋಡಿದ ತಾಯಿಗೆ, ತೊಟ್ಟಿಲಲ್ಲಿ ಮತ್ತೊಂದು ಬರಿ ಹಣೆ ನೋಡುವ ಎದೆ ಇರಲಿಲ್ಲ. ಉಡಿ ತುಂಬಲೇಬೇಕು. ಇವತ್ತೇ, ದೀಪ ಹಚ್ಚುವುದರೊಳಗೆ. ಹಳ್ಳದಾಚೆಗೆ ಮಾತ್ರ ಕಾಲು ಏಳುತ್ತಿರಲಿಲ್ಲ.

ಹೀಗಾಗಿ ಆ ಮನೆ ಉಳಿದ ದಾರಿಗಳನ್ನೆಲ್ಲ ಹುಡುಕತೊಡಗಿತು.

ಮೊದಲು ನೆನಪಾದವಳು ನೀಲಮ. ದವಾಖಾನೆಯ ಕಸ ಹೊಡೆಯುವವಳು, ಹೆರಿಗೆಯ ಹೊತ್ತಿನಲ್ಲಿ ಬ್ಯಾಟರಿ ಹಿಡಿದಿದ್ದಳು. ಅವಳನ್ನು ಕರೆತರಲು ಸಂಜಯ ಹೋದ. ತುಸು ಹೊತ್ತಿಗೆ ಒಬ್ಬನೇ ಬಂದ.

‘ಏನಂದ್ಲೋ?’

‘ಏನೂ ಅನ್ಲಿಲ್ಲ. ಅಂಗಳಾ ಹೊಡ್ಯಾಕತ್ತಿದ್ಲು. ನನ್ನ ಸುತ್ತಾ ಬಿಟ್ಟ ಹೊಡದು ಒಳಗ ಹೋದ್ಲು.’

ಚನ್ನವ್ವ ಫೋನು ಹಚ್ಚಿಸಿದಳು.

‘ನೀಲಮ್ಮಾ, ಆವತ್ತ ಕೂಸಿನ ಬಳ್ಳಿ ಕೊಯ್ಯೂ ಮುಂದ ನಿನ್ನ ಕೈ ಎಲ್ಲಿತ್ತು?’

‘ಬ್ಯಾಟರಿ ಮ್ಯಾಲಿತ್ತರಿ.’

‘ಅಂದ್ರ ಬೆಳಕ ನಿಂದು. ಬೆಳಕಿಲ್ಲದ ಅಂವ ಕೊಯ್ತಿದ್ನೇನು? ಬಾ, ಒಂದ ಉಡಿ ತುಂಬಿಸ್ಕೊಂಡ ಹೋಗ.’

‘ಅಮ್ಮಾರ, ಬ್ಯಾಟರಿ ಸರಕಾರದ್ದು, ಸೆಲ್ ಬ್ರದರ್ ತಂದಿದ್ದು. ನಾ ನಡಕ ಬಂದು ಕಣ್ಣ ಮುಚ್ಚಿದ್ದೆ. ನಾ ಬಂದ ತುಂಬಿಸ್ಕೊಂಡ್ರ ಆ ತಾಯಿ ನನಗಽ ಏನರ ತಿದ್ದಿ ಹೋದಾಳು. ಬ್ಯಾಟರಿನ ಬೇಕಾರ ಕಳಸ್ತೇನಿ, ಅದರ ಉಡಿ ತುಂಬ್ರಿ.’

ಲಗಮಣ್ಣ ಅದೂ ಆದೀತೆಂಬಂತೆ ಗೋಣು ಹಾಕಿದ. ಚನ್ನವ್ವ ಫೋನು ಇಟ್ಟಳು.

ಆಮೇಲೆ ಮಂಗಸೂಳಿಗೆ ಫೋನು ಹೋಯಿತು. ಅಲ್ಲಿ ಮನೆತನದ ಪೂಜಾರಿ ಮಲಕಾರಿ ಬೆಳಗಿನ ಪೂಜೆ ಮುಗಿಸಿ ದೇವರ ಅರಿಷಿಣ ಭಂಡಾರದ ಪುಡಿಕೆ ಕಟ್ಟುತ್ತ ಕೂತಿದ್ದ. ಎಲ್ಲವನ್ನೂ ಸಾವಕಾಶವಾಗಿ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಲಗಮಣ್ಣ, ಕಟ್ಟಾತೇನೋ ಎಂದು ಫೋನು ಅಲುಗಿಸಿ ನೋಡಿದ.

‘ಕಟ್ಟಾಗಿಲ್ಲ, ವಿಚಾರ ಮಾಡಾಕತ್ತೇನಿ’ ಅಂದ ಮಲಕಾರಿ. ‘ಕೊಕಟನೂರ ಎಲ್ಲವ್ವನ ಗುಡ್ಯಾಗ ಜೋಗಪ್ಪಗೋಳಿಗೆ ಉಡಿ ತುಂಬತಾರೋ ಇಲ್ಲೋ?’

‘ತುಂಬತಾರ.’

‘ಅವರೇನ ಹುಟ್ಟತಽ ಹೆಂಗಸರೇನು? ಅಂದಮ್ಯಾಲ ಉಡಿ ಅನ್ನೂದು ಮೈಯಾಗಿಲ್ಲ, ಸೆರಗಿನ್ಯಾಗ ಐತಿ. ಸೆರಗ ಹಾಸಿದ್ರ ಉಡಿ. ಅಂವಗ ಒಂದ ಸೀರಿ ಹೊಚ್ಚಿ ಕುಂಡ್ರಸ್ರಿ. ಐದ ಮಂದಿ ಮುತ್ತೈದೇರ್ನ ಕರೀರಿ. ತುಂಬೂ ತನಕ ಅಂವನ್ನ ಅಪ್ಪಾ ಅಣ್ಣಾ ಅನಬ್ಯಾಡ್ರಿ. ಹೆಣ್ಣ ಹೆಸರ್ಲೆ ಕರೀರಿ.’

‘ಹೆಣ್ಣ ಹೆಸರ ಏನ ಇಡೂಣ?’

‘ಅದೂ ನಾನಽ ಹೇಳ್ಬೇಕೇನು?’ ಎಂದು ಮಲಕಾರಿ ಪುಡಿಕೆಗಳ ಕಡೆ ಹೊರಳಿದ.

ಮಂಜು ಹರಿದು ಕಬ್ಬಿನ ಸುಳಿಗಳು ಮೇಲೆದ್ದು ಕಾಣುವ ಹೊತ್ತಿಗೆ ಸಮಾಧಾನ ಮೋಟಾರಸೈಕಲ್ ಮೇಲೆ ಬಂದ. ಬಾಣಂತಿಯನ್ನೂ ಕೂಸನ್ನೂ ನೋಡಿಹೋಗಲು ದಿನಾ ಬರುತ್ತಿದ್ದ. ತಲಬಾಗಿಲಲ್ಲೇ ಒಳಗೆ ಬಂದ, ಬಚ್ಚಲಿಗೆ ಹೋಗಿ ಮೊಣಕೈತನಕ ಕೈ ತೊಳೆದ, ಕೂಸಿನ ಹೊಕ್ಕಳು ನೋಡಿದ, ಮನೀಷಾಳಿಗೆ ಹಾಲು ಕುಡಿಸುವುದು ಹೇಗೆಂದು ಮತ್ತೊಮ್ಮೆ ಹೇಳಿದ. ಯಾರೂ ಏನೂ ಅನ್ನಲಿಲ್ಲ. ಕಾಲ ಅಷ್ಟು ಬದಲಾಗಿತ್ತು. ಹಳ್ಳದಾಚೆಯಿಂದ ಈ ಮನೆಯ ನಡುಮನೆಗೆ ಬರುವ ದಾರಿ ತೆರೆದಿತ್ತು. ಈ ಮನೆಯಿಂದ ಹಳ್ಳದಾಚೆಗೆ ಹೋಗುವ ದಾರಿಯನ್ನು ಮಾತ್ರ ಇನ್ನೂ ಯಾರೂ ತುಳಿದು ನೋಡಿರಲಿಲ್ಲ.

ಉಡಿಯ ಸುದ್ದಿ ತೆಗೆದಾಗ ಅವನು ಕೈ ಒರೆಸಿಕೊಳ್ಳುತ್ತಿದ್ದ.

‘ನನಗ್ಯಾಕ್ರಿ ಅಮ್ಮಾರ ಉಡಿ? ಸರಕಾರ ಪಗಾರ ಕೊಡತೈತಿ.’

‘ಸರಕಾರದ ಪಗಾರ ಸಟವಾಯಿ ಲೆಕ್ಕಕ್ಕ ಹಿಡ್ಯಾಂಗಿಲ್ಲೋ ಯಪ್ಪಾ. ನಿನ್ನ ಕೈಮುಗೀತೇನಿ. ನನ್ನ ಮೊಮ್ಮಗನ ಹಣಿ ಬರಿ ಉಳೀಬಾರ್ದು.’

ಅವನು ಆಕೆಯ ಮುಖ ನೋಡಿದ. ‘ಲಗೂ ಮಾಡ್ರಿ ಹಂಗಾರ’ ಎಂದು ಮಣೆಯ ಮೇಲೆ ಕೂತ.

ಮನೀಷಾಳ ಇಳಕಲ್ ಸೀರೆ ಬಂತು. ನೆರೆಮನೆಯ ಚಂದ್ರಮತಿ ಮತ್ತು ಇನ್ನೂ ನಾಲ್ವರು ಮುತ್ತೈದೆಯರು ಬಂದರು. ದವಾಖಾನೆಯ ಹಸಿರು ಅಂಗಿಯ ಮೇಲೆ ಸೀರೆ ಹೊದಿಸಿ, ತಲೆಯ ಮೇಲಿಂದ ಸೆರಗು ತಂದು ಮುಂದೆ ಹಾಸಿದರು. ಸೆರಗು ಎಡಕ್ಕೆ ಬರಬೇಕೋ ಬಲಕ್ಕೋ ಎಂದು ವಾದವಾಯಿತು. ಚಂದ್ರಮತಿ ಗದ್ದಕ್ಕೆ ಕೈಹಚ್ಚಿ ದೂರ ನಿಂತು ನೋಡಿದಳು.

‘ಮೀಸಿ ಒಂದ ಬಿಟ್ರ ಏನೂ ಕಡಿಮಿಲ್ಲ. ಹೆಣ್ಣ ಸಿಗವಲ್ದು ಸಿಗವಲ್ದು ಅಂತಿದ್ದಿ, ಇನ್ನ ವರಾ ನೋಡೂಣೇನು ನಿನಗ?’

‘ನೋಡ್ರಿ ಮಾವಶಿ’ ಎಂದ ಸಮಾಧಾನ ಸೆರಗಿನೊಳಗಿಂದ. ‘ಹೋದ ತಿಂಗಳ ರಾಯಬಾಗಕ್ಕ ಹೆಣ್ಣ ನೋಡಾಕ ಹೋಗಿದ್ದೆ. ಏನ ಕೆಲಸ ಅಂದ್ರು, ಹೆರಿಗಿ ಮಾಡಸ್ತೇನಿ ಅಂದೆ. ಚಾದ ಕಪ್ ಕೈಯಾಗಿಂದ ತಿರಗಿ ಇಸ್ಕೊಂಡ್ರು.’

‘ವರಗೋಳ ಹಂಗ ಮಾಡಂಗಿಲ್ಲ ತೊಗೊ’ ಎಂದಳು ಚಂದ್ರಮತಿ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಚನ್ನವ್ವ ಒಬ್ಬಳು ನಗಲಿಲ್ಲ. ಆಕೆ ದೇವಿಯ ಹೆಸರು ಹಿಡಿದು ಬೊಗಸೆ ಅಕ್ಕಿ ಎತ್ತಿದಳು.

‘ಉಡಿ ಒಡ್ಡು... ಸುಮನವ್ವಾ.’

ಸಮಾಧಾನ ತಿರುಗಿ ನೋಡಿದ, ಹಿಂದೆ ಯಾರಾದರೂ ಬಂದರೇನೋ ಎಂದು. ಆಮೇಲೆ ತಿಳಿದು ಒಡ್ಡಿದ. ಮೊದಲ ಬೊಗಸೆ ಬಿತ್ತು. ಎರಡನೆಯದು ಬಿತ್ತು. ಮೂರನೆಯದನ್ನು ಎತ್ತುವಷ್ಟರಲ್ಲಿ ಸುಮನವ್ವನ ಫೋನು ಬಡಿಯಿತು. ದವಾಖಾನೆಯಿಂದ ನೀಲಮ. ಕಬ್ಬು ಕಡಿಯುವವರ ಗ್ಯಾಂಗಿನ ಹೆಣ್ಣುಮಗಳೊಬ್ಬಳನ್ನು ಟ್ರ್ಯಾಕ್ಟರಿನ ಡಬ್ಬಿಯಲ್ಲಿ ತಂದಿದ್ದಾರೆ, ಕೂಸಿನ ತಲೆ ಕಾಣುತ್ತಿದೆ.

ಅವನು ಎದ್ದ. ಉಡಿಯಲ್ಲಿದ್ದದ್ದೆಲ್ಲ ನಡುಮನೆಯ ತುಂಬ ಚೆಲ್ಲಿತು. ತಾಟಿನ ಉತ್ತತ್ತಿಗಳೂ ಉರುಳಿ ಕಪಾಟಿನ ಬುಡಕ್ಕೆ ಹೋದವು. ಹೆಂಗಸರು, ‘ತಡಿಯೋ, ತಡಿಯಬೇ’ ಎಂದು ಎರಡೂ ರೀತಿಯಲ್ಲಿ ಕೂಗುವುದರೊಳಗೆ ಮೋಟಾರಸೈಕಲ್ಲು ಹೊರಟಿತ್ತು, ಇಳಕಲ್ ಸೆರಗು ಹಿಂದೆ ಹಾರುತ್ತಿತ್ತು. ಅಂಗಳದ ಕೋಳಿಗಳು ಒಳಗೆ ಬಂದು, ಉಡಿಯ ಅಕ್ಕಿಯನ್ನು ಶ್ರದ್ಧೆಯಿಂದ ಹೆಕ್ಕತೊಡಗಿದವು.

‘ಕೋಳಿಗೆ ಮುಟ್ಟತು’ ಎಂದ ಲಗಮಣ್ಣ.

ಚನ್ನವ್ವ ಕೋಳಿಗಳನ್ನು ಓಡಿಸಿದಳು. ತುಂಬದ ಉಡಿ ಒಂದು ತಪ್ಪು. ಅರ್ಧ ತುಂಬಿ ಚೆಲ್ಲಿದ ಉಡಿಗೆ ದೇವಿ ಏನನ್ನುತ್ತಾಳೋ. ಅರ್ಧ ಬರೆದು ಎದ್ದುಹೋದರೆ? ಕೂಸು ಅರ್ಧ ನಕ್ಕು ನಿಲ್ಲಿಸಿದರೆ, ಅರ್ಧ ದಾರಿಗೆ ಹೋಗಿ ಮರೆತು ಕೂತರೆ? ತಾಟಿನಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು, ಸಂಜಯನ ಮೋಟಾರಸೈಕಲ್ ಹಿಂದೆ ಹತ್ತಿ, ‘ದವಾಖಾನಿಗೆ ನಡಿ’ ಅಂದಳು.

ದಾರಿಯಲ್ಲಿ ಸಿಕ್ಕವರೆಲ್ಲ ಕೇಳಿದರು: ‘ಚನ್ನವ್ವಾರ, ಒಬ್ಬಾಕೀನಽ ಎತ್ತಾಗ ಹೊಂಟ್ರಿ?’

‘ಹಿಂಗಽ, ದವಾಖಾನಿಗೆ’ ಎನ್ನುತ್ತ ಹೋದಳು. ಮುಂದೆ ಕೂತು ಗಾಡಿ ಹೊಡೆಯುತ್ತಿದ್ದ ಸಂಜಯ ಎಲ್ಲರಿಗೂ ನಮಸ್ಕಾರ ಮಾಡಿದ.

ದವಾಖಾನೆಯ ಪಡಸಾಲೆಯಲ್ಲಿ ಕಬ್ಬಿನ ಗ್ಯಾಂಗಿನವರು ಗೋಡೆಗೆ ಆನಿಕೊಂಡು ಕೂತಿದ್ದರು. ಸಲಾಯಿನ್ ಬಾಟಲಿ ತೂಗಹಾಕುವ ಸ್ಟ್ಯಾಂಡಿಗೆ ಮನೀಷಾಳ ಸೀರೆ ಮಡಿಸಿ ಹಾಕಿತ್ತು. ಹೆರಿಗೆ ಕೋಣೆಯ ಬಾಗಿಲು ಮುಚ್ಚಿತ್ತು. ಚನ್ನವ್ವ ಬೆಂಚಿನ ತುದಿಗೆ ತಾಟು ತೊಡೆಯ ಮೇಲಿಟ್ಟುಕೊಂಡು ಕೂತಳು.

ಒಳಗಿನಿಂದ ಒಂದು ನರಳಾಟ ಬಂತು. ಹಿಂದೆಯೇ ಆ ದನಿ, ಈ ಸಲ ಮರಾಠಿಯಲ್ಲಿ. ‘ಶ್ವಾಸ ಸೋಡ ಮಾಝೆ ಆಯೀ. ಹಾಂ, ಶಹಾಣಿ ಗಂ ತೀ.’ ಮಾತು ಬೇರೆ, ರಾಗ ಅದೇ. ಉಸಿರು ಬಿಡು ಎಂಬಲ್ಲಿ ಇಳಿಯುವುದು, ತಾಯಿಯನ್ನು ಕರೆಯುವಲ್ಲಿ ಏರುವುದು, ಶಾಣ್ಯಾಳು ಎಂಬಲ್ಲಿ ತುಸು ನಿಂತು ಬೆನ್ನು ಸವರಿದ ಹಾಗೆ ಹರಿಯುವುದು. ಚನ್ನವ್ವ ಬಾಗಿಲ ಕಡೆ ಹೊರಳಿದಳು. ಗೋಡೆಗೆ ಮುಖ ಮಾಡಿ ಮಲ್ಲಯ್ಯ ಮಲ್ಲಯ್ಯ ಎನ್ನುವ ಗದ್ದಲದಲ್ಲಿ ಆವತ್ತು ಇದು ಆಕೆಗೆ ಪೂರಾ ಕೇಳಿರಲಿಲ್ಲ. ಇವತ್ತು ಕೇಳಿತು. ಹಿಂದಿನ ಕೋಣೆಯ ಕತ್ತಲಲ್ಲಿ, ಎರಡು ಹಗಲು ಕಳೆದ ಮೇಲೆ, ಇನ್ನು ತಾನು ಉಳಿಯುವುದಿಲ್ಲ ಎಂದು ಕೈ ಚೆಲ್ಲಿದಾಗ, ತನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಇದೇ ರಾಗದಲ್ಲಿ ಒಬ್ಬಳು ಕರೆದಿದ್ದಳು. ಆ ಕೈಗೆ ಎಲೆಯಡಿಕೆಯ ವಾಸನೆಯಿತ್ತು. ಆ ಕೈಯನ್ನು ತಾನು ಹಲ್ಲಿನಿಂದ ಕಚ್ಚಿದ್ದಳು. ಅದು ಹಿಂದೆ ಸರಿದಿರಲಿಲ್ಲ.

ಕೂಸು ಅತ್ತಿತು. ಪಡಸಾಲೆಯಲ್ಲಿ ಗ್ಯಾಂಗಿನವರು ಎದ್ದು ನಿಂತರು.

ಬಹಳ ಹೊತ್ತಿನ ಮೇಲೆ ಸಮಾಧಾನ ಹೊರಗೆ ಬಂದು ಕೂಸಿನ ತಂದೆಗೆ, ಮಗಳು ಎಂದು ಹೇಳಿ ಹೆಗಲು ತಟ್ಟಿದ. ಆಮೇಲೆ ಬೆಂಚಿನ ತುದಿಯಲ್ಲಿ ತಾಟು ಹಿಡಿದು ಕೂತವಳನ್ನು ಕಂಡ. ಅವನ ಮುಖ ದಣಿದಿತ್ತು, ಆದರೂ ನಗೆ ಬಂತು.

‘ಸೀರಿಗೇನೂ ಆಗಿಲ್ರಿ ಅಮ್ಮಾರ, ಜ್ವಾಕಿಲೆ ಇಟ್ಟೇನಿ. ಹೊಚ್ಚಿಕೊಳ್ಲೇನು? ಇಲ್ಲೇ ಕುಂಡ್ರತೇನಿ, ತುಂಬಿಬಿಡ್ರಿ.’

ಚನ್ನವ್ವ ಸೀರೆಯನ್ನು ನೋಡಿದಳು, ಅವನನ್ನು ನೋಡಿದಳು. ಹೊರಗೆ ಬಿಸಿಲು ಬೇವಿನ ಗಿಡದ ಪಡುವಣ ಮಗ್ಗುಲಿಗೆ ಸರಿದಿತ್ತು.

‘ಬ್ಯಾಡ’ ಅಂದಳು. ‘ನಿಮ್ಮ ಅಜ್ಜಿ ಮನ್ಯಾಗ ಅದಾಳೇನು?’

ಸಮಾಧಾನ ಒದ್ದೆ ಕೈಗಳನ್ನು ಬೆರಳು ಬೆರಳು ಬಿಡಿಸಿ ಒರೆಸಿಕೊಂಡ.

‘ಅದಾಳ್ರಿ. ಎಲ್ಲಿ ಹೊಕ್ಕಾಳ ಈ ವಯಸ್ಸಿನ್ಯಾಗ.’

ದವಾಖಾನೆಯ ಎದುರಿನ ಕಾಕಾಸಾಹೇಬನ ಅಂಗಡಿಯಲ್ಲಿ ಚನ್ನವ್ವ ಹೊಸದಾಗಿ ಅಕ್ಕಿ ತೂಗಿಸಿದಳು. ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಖಣ. ಎಲ್ಲ ಕಟ್ಟಿದ ಮೇಲೆ, ‘ಇದರಂಗಽ ಇನ್ನೊಂದ ಕಟ್ಟು’ ಅಂದಳು.

‘ಅವಳಿ ಏನ್ರಿ ಅವ್ವಾರ?’ ಎಂದು ಕಾಕಾಸಾಹೇಬ ಹುರುಪಿನಿಂದ ಕೇಳಿದ.

‘ಅಲ್ಲ. ಒಂದ ಹಿಂದಿಂದ ಐತಿ.’

ಹಳ್ಳದ ಈಚೆಯ ದಂಡೆಯಲ್ಲೇ ಇಳಿದು, ಸಂಜಯನನ್ನು ನಿಲ್ಲಿಸಿ ತಾನೊಬ್ಬಳೇ ನಡೆದಳು. ಹಳ್ಳವೇನು ದೊಡ್ಡದಲ್ಲ, ಸಣ್ಣ ಹುಡುಗರು ಜಿಗಿದು ದಾಟುವಂಥದ್ದು. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಆಕೆ ಅದನ್ನು ದಾಟಿರಲಿಲ್ಲ. ಓಣಿಯಲ್ಲಿ ವಿಹಾರದ ಪಂಚಬಣ್ಣದ ಬಾವುಟ ಗಾಳಿಯಿಲ್ಲದೆ ಇಳಿಬಿದ್ದಿತ್ತು. ನೀರು ತುಂಬುತ್ತಿದ್ದ ಹೆಂಗಸರು ಕೊಡ ತುಂಬಿ ಚೆಲ್ಲುವತನಕ ಆಕೆಯನ್ನು ನೋಡಿದರು. ಯಾವ ಮನೆ ಎಂದು ಆಕೆ ಕೇಳಲಿಲ್ಲ, ಅವರೇ ಕೈ ಮಾಡಿ ತೋರಿಸಿದರು.

ತುಳಸವ್ವ ಕಟ್ಟೆಯ ಮೇಲೆ ಕಾಲು ನೀಡಿ ಮೆಂತೆಪಲ್ಲೆ ಸೋಸುತ್ತಿದ್ದಳು. ಕೂದಲು ಹತ್ತಿಯಾಗಿತ್ತು. ಹಿಂದೆ ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೊಂದು ಸಣ್ಣ ದಾಸವಾಳ ಹೂವು.

‘ಯಾರದು?’ ಎಂದು ಕೈ ಮರೆಮಾಡಿ ನೋಡಿದಳು.

‘ನಾ. ಚನ್ನವ್ವ.’

‘ಯಾವ ಚನ್ನವ್ವ? ಗ್ವಾಡಿಗೆ ಉಡಿ ತುಂಬೂ ಮನಿ ಚನ್ನವ್ವನೇನು?’

‘ಹೂಂ. ಅದಽ ಮನಿ.’

‘ಬಾ, ಕುಂಡ್ರು. ನಮ್ಮ ಹುಡುಗಗ ಸೀರಿ ಉಡಿಸಿದ್ರೆಂತ? ನೀಲಮ ಬಂದ ಹೇಳಿ ಹ್ವಾದ್ಲು. ಚಂದ ಕಾಣತಿದ್ದನಂತ, ಇದ್ದದ್ದಾ?’

‘ಇದ್ದದ್ದು.’

‘ಒಂದ ಫೋಟೋ ಹೊಡೀಬೇಕಿಲ್ಲ? ರಾಯಬಾಗದವರಿಗೆ ಕಳಸ್ತಿದ್ನಿ.’ ತುಳಸವ್ವ ಹಲ್ಲಿಲ್ಲದ ಬಾಯಿಂದ ಸಾವಕಾಶ ನಕ್ಕಳು. ಆಮೇಲೆ ಬಟ್ಟೆ ಮುಚ್ಚಿದ ತಾಟಿನ ಕಡೆ ನೋಡಿ, ‘ನಮ್ಮನ್ಯಾಗ ಈಗ ಸಟವಾಯಿ ಇಲ್ಲಬೇ. ನಾವು ದಾರಿ ಬದಲಿ ಮಾಡೇವಿ. ಈ ಪಟದಾಗಿನ ನಮ್ಮ ಅಪ್ಪಾ ಯಾರ ಹಣಿ ಮ್ಯಾಲೂ ಏನೂ ಬರ್ಯಾಂಗಿಲ್ಲ. ನಿಮ್ಮದ ನೀವಽ ಬರಕೋರಿ ಅಂತಾನ’ ಅಂದಳು.

‘ನಮ್ಮನ್ಯಾಗ ಇನ್ನೂ ಆಕಿನಽ ಬರ್ಯಾಕಿ ತುಳಸಕ್ಕಾ.’

ಅಕ್ಕಾ ಎಂಬ ಮಾತು ಇಬ್ಬರ ನಡುವೆ ಕಟ್ಟೆಯ ಮೇಲೆ ತುಸು ಹೊತ್ತು ಕೂತಿತ್ತು. ತುಳಸವ್ವ ಮೆಂತೆಯ ಕಡ್ಡಿಗಳನ್ನು ಬದಿಗೆ ಸರಿಸಿದಳು.

‘ಹಂಗಾದ್ರ ಪಾಪ, ಕೂಸಿಗೆ ಯಾಕ ಅಡ್ಡಾಗ್ಲಿ.’

ಕೈ ಝಾಡಿಸಿಕೊಂಡು ಸೆರಗು ಬಿಡಿಸಿ ತೊಡೆಯ ಮೇಲೆ ಹಾಸಿದಳು. ಚನ್ನವ್ವ ಹತ್ತಿರ ಸರಿದು, ಮೊಣಕಾಲೂರಿ ಕೂತು, ಅವಳ ಹಣೆಗೆ ತಾಟಿನಲ್ಲಿದ್ದ ಭಂಡಾರ ಹಚ್ಚಿದಳು. ಬೊಗಸೆಯಿಂದ ಅಕ್ಕಿ ಸುರಿದಳು. ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೆ ಖಣ. ಬೆರಳುಗಳು ಸೆರಗಿಗೆ ತಾಕಿದವು, ಸೆರಗಿನ ಕೆಳಗಿನ ಮುದಿ ಕೈಗೂ ತಾಕಿದವು.

‘ಆತೇನು?’ ಎಂದು ತುಳಸವ್ವ ಸೆರಗಿನ ತುದಿಗಳನ್ನು ಕೂಡಿಸಿ ಗಂಟು ಹಾಕಲು ಹೋದಳು.

‘ತಡಿ’ ಅಂದಳು ಚನ್ನವ್ವ.

ತಾಟಿನ ಬಟ್ಟೆಯ ಇನ್ನೊಂದು ಮಗ್ಗುಲು ಸರಿಸಿ ಎರಡನೆಯ ಪೊಟ್ಟಣ ಬಿಚ್ಚಿದಳು. ತುಳಸವ್ವ ಆ ಹೊಸ ಖಣವನ್ನು ನೋಡಿದಳು, ಸಂಜಯ ನಿಂತಿದ್ದ ಹಳ್ಳದ ದಂಡೆಯ ಕಡೆ ನೋಡಿದಳು, ಮತ್ತೆ ಸೆರಗನ್ನು ಸಡಿಲ ಬಿಟ್ಟು ಎರಡೂ ಕೈಗಳಿಂದ ಅಗಲವಾಗಿ ಒಡ್ಡಿದಳು. ಚನ್ನವ್ವ ಅಕ್ಕಿಯನ್ನು ಬೊಗಸೆ ತುಂಬ ಎತ್ತಿಕೊಂಡು, ಒಂದು ಕಾಳೂ ಹೊರಗೆ ಬೀಳದ ಹಾಗೆ, ಸಾವಕಾಶವಾಗಿ ಸುರಿಯತೊಡಗಿದಳು.